ಹಳೆಯ ಚರ್ಚಿನ ಸಮಾಧಿ ಭೂಮಿಯ ಪಾಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಹಳೆಯ ಚರ್ಚುಗಳಿಗೆ ಸೇರಿದ ಸಮಾಧಿ ಭೂಮಿಗಳನ್ನು ನೋಡಿಕೊಳ್ಳಲು ಮುಂದೆ ಬರುವ ಸಭೆಯ ಹಿರಿಯರು, ಧರ್ಮಕೇಂದ್ರದ (ಪ್ಯಾರಿಷ್) ಯುವಜನರು, ಕಾಲೇಜು ವಿದ್ಯಾರ್ಥಿಗಳು ಹಾಗೂ ಅಕ್ಕಪಕ್ಕದ ಬಡಾವಣೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ. ನೂರು ವರ್ಷ ಯಾರೂ ಮುಟ್ಟದೆ ಬಿಟ್ಟ ಗೋರಿಗಿಂತ ಒಂದೇ ಭಾನುವಾರ ಉತ್ಸಾಹದಿಂದ ತಿಕ್ಕಿ ತೊಳೆದ ಗೋರಿಗೆ ಹೆಚ್ಚು ಹಾನಿಯಾಗಿರುವುದು ಉಂಟು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ‘ಮಾಡಿ’ ಎನ್ನುವುದಕ್ಕಿಂತ ‘ಮಾಡಬೇಡಿ’ ಎನ್ನುವುದೇ ಹೆಚ್ಚಾಗಿ ಕಂಡರೆ ಅದು ಬೇಕೆಂದೇ ಬರೆದದ್ದು.

ಈ ಗೋರಿಗಳು ಯಾರವು? ನಮ್ಮ ಬಯಲುಸೀಮೆಗೆ ಇವು ಹೇಗೆ ಬಂದವು?

ಇವು ಒಂದೇ ಕಾಲದವೂ ಅಲ್ಲ, ಒಂದೇ ಬಗೆಯ ಜನರವೂ ಅಲ್ಲ. 1779ರಲ್ಲಿ ಮದಕರಿ ನಾಯಕನ ಕೈತಪ್ಪಿ ಹೈದರಾಲಿಯ ವಶವಾಗಿದ್ದ ದುರ್ಗದಲ್ಲಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಪಡೆ ಕೆಲಕಾಲ ಬೀಡುಬಿಟ್ಟಿತ್ತು. ಇಲ್ಲಿಯ ಹವೆ ಒಗ್ಗುವುದಿಲ್ಲವೆಂದು ಆಮೇಲೆ ಅದನ್ನು ತೆರವು ಮಾಡಿದರು. ಹರಿಹರದ ವಾಯವ್ಯಕ್ಕಿದ್ದ ದಂಡುಪ್ರದೇಶ 1865ರವರೆಗೆ ನಡೆಯಿತು. ಸೈನಿಕರು, ಅವರ ಹೆಂಡಂದಿರು, ಅದಕ್ಕಿಂತ ಹೆಚ್ಚಾಗಿ ವರ್ಷ ತುಂಬದ ಅವರ ಮಕ್ಕಳು ಚಳಿಜ್ವರಕ್ಕೋ ಕಾಲರಾಕ್ಕೋ ತುತ್ತಾಗಿ ಇಂಥ ಠಾಣೆಗಳ ಮಣ್ಣಿನಲ್ಲೇ ಉಳಿದರು. ಅವರ ನಂತರ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ, ಪ್ರೊಟೆಸ್ಟೆಂಟರಾದ ವೆಸ್ಲಿಯನ್ ಮಿಷನ್ನಿನವರು ಮತ್ತು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಕಥೋಲಿಕ ಗುರುಗಳು ಬಂದರು.

ಆದರೆ ಎಣಿಸಿ ನೋಡಿದರೆ ದೊಡ್ಡ ಪಾಲು ನಮ್ಮವರದ್ದೇ ಆಗಿರುತ್ತದೆ. ಉಪದೇಶಿಗಳು, ಶಾಲೆಯ ಮಾಸ್ತರರು, ಆಸ್ಪತ್ರೆಯ ದಾದಿಯರು, ರೈಲ್ವೆ ನೌಕರರು, 1876–78ರ ಬರದಲ್ಲಿ ದಿಕ್ಕಿಲ್ಲದವರಾಗಿ ಮಿಷನ್ನಿನ ಆಸರೆಗೆ ಬಂದವರ ಮಕ್ಕಳು ಮೊಮ್ಮಕ್ಕಳು, 1898ರ ನಂತರದ ಪ್ಲೇಗಿನಲ್ಲಿ ಮತ್ತು 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡವರು, ಹೀಗೆ ಈ ಪಟ್ಟಿ ಉದ್ದವಾಗಿದೆ. ಇವರಲ್ಲಿ ಅನೇಕರಿಗೆ ಕಲ್ಲೇ ಇಲ್ಲ. ಮಣ್ಣಿನ ದಿಬ್ಬವೊಂದು, ಅದರ ತಲೆದೆಸೆಗೆ ನೆಟ್ಟ ಒರಟು ಬಂಡೆಯೊಂದು, ಅಷ್ಟೆ. ನೋಡಲು ಬಂದವರೆಲ್ಲ ಎತ್ತರದ ಸ್ತಂಭವಿರುವ ಇಂಗ್ಲಿಷ್ ಅಧಿಕಾರಿಯ ಗೋರಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಈ ದಿಬ್ಬಗಳ ಮೇಲೆಯೇ ಕಾಲಿಟ್ಟಿರುತ್ತಾರೆ. ಪಾಲನೆಯ ದೃಷ್ಟಿಯಿಂದ ಎರಡಕ್ಕೂ ಒಂದೇ ಬೆಲೆ.

ಕೆಲಸ ಶುರುಮಾಡಲು ಯಾರ ಅನುಮತಿ ಬೇಕು?

ಮೊದಲು ಜಾಗ ಯಾರದೆಂದು ತಿಳಿಯಬೇಕು. ಕಥೋಲಿಕ ಸಮಾಧಿ ಭೂಮಿಯಾದರೆ ಧರ್ಮಕೇಂದ್ರದ ಗುರುಗಳನ್ನೂ ಪಾಲನಾ ಸಮಿತಿಯನ್ನೂ ಕೇಳಬೇಕು. ದೊಡ್ಡ ದುರಸ್ತಿಯಾದರೆ ಮಾತು ಶಿವಮೊಗ್ಗದ ಧರ್ಮಾಧ್ಯಕ್ಷರವರೆಗೆ (ಬಿಷಪ್) ಹೋಗುತ್ತದೆ, ಏಕೆಂದರೆ ಎರಡೂ ಜಿಲ್ಲೆಗಳು ಆ ಧರ್ಮಕ್ಷೇತ್ರಕ್ಕೆ (ಡಯಾಸಿಸ್) ಸೇರಿವೆ. ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆಯದಾದರೆ (ಸಿಎಸ್ಐ) ಸಭಾಪಾಲಕರು ಮತ್ತು ಸಭೆಯ ಕಮಿಟಿಯನ್ನು ಕೇಳಬೇಕು. ಅಂಥ ಆಸ್ತಿಗಳು ಸಾಮಾನ್ಯವಾಗಿ ಸಭೆಯ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವುದರಿಂದ ಅಲ್ಲಿಂದಲೂ ಒಪ್ಪಿಗೆ ಬೇಕಾಗಬಹುದು. ಹಳೆಯ ಸೈನಿಕ ಸಮಾಧಿಗಳಿರುವ ಕೆಲವು ಜಾಗಗಳು ಪಹಣಿಯಲ್ಲಿ ಸರ್ಕಾರಿ ಸ್ಮಶಾನವೆಂದೇ ದಾಖಲಾಗಿರುತ್ತವೆ. ಆಗ ತಹಶೀಲ್ದಾರರ ಕಚೇರಿಯನ್ನೋ ನಗರಸಭೆಯನ್ನೋ ಕೇಳದೆ ಗುದ್ದಲಿ ಹಾಕಬಾರದು.

ಚಿತ್ರದುರ್ಗದವರು ಇನ್ನೊಂದು ಮಾತನ್ನು ಗಮನದಲ್ಲಿಡಬೇಕು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಕಳೆ ಕೀಳುವುದಕ್ಕೆ ಇದು ಅಡ್ಡಿಯಾಗುವುದಿಲ್ಲ, ಆದರೆ ಆ ವ್ಯಾಪ್ತಿಯೊಳಗೆ ಕಾಂಪೌಂಡ್ ಗೋಡೆ, ಶೆಡ್ಡು, ಹೊಸ ಕಮಾನು ಕಟ್ಟುವುದಕ್ಕೆ ಅನ್ವಯಿಸುತ್ತದೆ. ಅನುಮತಿ ಯಾರದ್ದೇ ಇರಲಿ, ಪತ್ರದ ರೂಪದಲ್ಲಿರಲಿ. ಗುರುಗಳಿಗೂ ಸಭಾಪಾಲಕರಿಗೂ ವರ್ಗಾವಣೆಯಾಗುತ್ತದೆ. ಬಾಯಿಮಾತಿನ ಒಪ್ಪಿಗೆ ಅವರೊಂದಿಗೇ ಹೊರಟುಹೋಗುತ್ತದೆ.

ಮೊದಲ ದಿನ ಏನು ಮಾಡಬೇಕು? ಪೊರಕೆ, ಕುಡುಗೋಲು ತರಬೇಕೇ?

ಬೇಡ. ಮೊದಲ ದಿನ ಬೇಕಾದದ್ದು ನೋಟ್‌ಬುಕ್ಕು, ಟೇಪು, ಪೆನ್ಸಿಲ್ಲು ಮತ್ತು ಫೋಟೊ ತೆಗೆಯುವ ಒಂದು ಮೊಬೈಲು. ಏನಿದೆಯೆಂದು ಬರೆದಿಟ್ಟುಕೊಳ್ಳದೆ ಶುಚಿ ಮಾಡಲು ಹೊರಟರೆ, ಮುಳ್ಳಿನ ಪೊದೆಯೊಂದಿಗೆ ಮುರಿದ ಕಲ್ಲಿನ ಚೂರೂ ಟ್ರ್ಯಾಕ್ಟರಿಗೆ ಏರಿ ಹೋಗುತ್ತದೆ.

ಕೆಲಸ ಹೀಗೆ ನಡೆಯಲಿ. ಜಾಗದ ಎರಡು ಖಚಿತ ಗುರುತುಗಳನ್ನು, ಉದಾಹರಣೆಗೆ ಗೇಟಿನ ಕಂಬ ಮತ್ತು ಗೋಡೆಯ ಮೂಲೆಯನ್ನು, ಆರಿಸಿಕೊಂಡು ಪ್ರತಿ ಗೋರಿಯೂ ಅವೆರಡರಿಂದ ಎಷ್ಟು ದೂರದಲ್ಲಿದೆ ಎಂದು ಟೇಪಿನಲ್ಲಿ ಅಳೆದು ನಕ್ಷೆಯ ಮೇಲೆ ಗುರುತಿಸಬೇಕು. ಮೊಬೈಲಿನ ಜಿಪಿಎಸ್ ಸಾಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದರ ಲೆಕ್ಕ ಕೆಲವು ಮೀಟರುಗಳಷ್ಟು ಆಚೀಚೆ ಆಗುವುದರಿಂದ, ಎರಡು ಅಡಿ ಅಂತರದಲ್ಲಿ ಮಲಗಿರುವ ಅಣ್ಣತಮ್ಮಂದಿರ ಗೋರಿಗಳು ಒಂದರ ಜಾಗದಲ್ಲಿ ಇನ್ನೊಂದು ದಾಖಲಾಗುತ್ತವೆ. ಪ್ರತಿ ಗೋರಿಗೂ ನಕ್ಷೆಯಲ್ಲಿ ಒಂದು ಸಂಖ್ಯೆ ಕೊಡಿ. ಆದರೆ ಆ ಸಂಖ್ಯೆಯನ್ನು ಕಲ್ಲಿನ ಮೇಲೆ ಪೇಂಟಿನಿಂದ ಬರೆಯಬೇಡಿ. ಆಮೇಲೆ ಕಲ್ಲಿನ ಬಗೆ, ಅಳತೆ, ಅದು ಮುಖಮಾಡಿರುವ ದಿಕ್ಕು, ಈಗಿನ ಸ್ಥಿತಿ, ಮತ್ತು ಬರಹವನ್ನು ಸಾಲು ಮುರಿದಲ್ಲೇ ಮುರಿದು, ಇದ್ದಂತೆಯೇ ಬರೆದುಕೊಳ್ಳಬೇಕು. ಕೆತ್ತಿದವನು ಒತ್ತಕ್ಷರ ತಪ್ಪಿದ್ದರೆ ಆ ತಪ್ಪನ್ನೂ ಹಾಗೆಯೇ ಇಳಿಸಿಕೊಳ್ಳಿ, ತಿದ್ದಬೇಡಿ.

ಸವೆದ ಅಕ್ಷರಗಳನ್ನು ಓದುವುದು ಹೇಗೆ? ಚಾಕ್‌ಪೀಸ್ ಉಜ್ಜಬಹುದೇ?

ಚಾಕ್‌ಪೀಸ್, ವಿಭೂತಿ, ಮೈದಾಹಿಟ್ಟು, ಶೇವಿಂಗ್ ಕ್ರೀಮು ಯಾವುದೂ ಬೇಡ. ಇವು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದು ಕಲೆಯಾಗುತ್ತವೆ ಅಥವಾ ಪಾಚಿಗೂ ಇರುವೆಗೂ ಆಹಾರವಾಗುತ್ತವೆ. ಅಕ್ಷರ ಓದಿಸುವುದು ಓರೆ ಬೆಳಕು. ಬೆಳಿಗ್ಗೆ ಏಳರ ಬಿಸಿಲು ಕಲ್ಲಿನ ಮುಖವನ್ನು ಸವರಿಕೊಂಡು ಹೋಗುವಾಗ ಪ್ರತಿ ಗೀರಿನ ಒಂದು ಅಂಚಿನಲ್ಲಿ ನೆರಳು ಬೀಳುತ್ತದೆ. ಮಧ್ಯಾಹ್ನ ಬೋಳಾಗಿ ಕಂಡ ಅದೇ ಕಲ್ಲಿನಲ್ಲಿ ಹೆಸರು, ತಿಂಗಳು, ಕೊನೆಗೆ ಬೈಬಲ್ ವಚನದ ಅಧ್ಯಾಯ ಸಂಖ್ಯೆಯೂ ಎದ್ದು ಬರುತ್ತದೆ. ಉತ್ತರಕ್ಕೆ ಮುಖಮಾಡಿದ ಕಲ್ಲಿಗೆ ಬಿಸಿಲು ತಾಗದಿದ್ದರೆ ಒಬ್ಬರು ಎರಡು ಅಡಿ ಉದ್ದದ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಲಿ, ಇನ್ನೊಬ್ಬರು ಫೋಟೊ ತೆಗೆಯಲಿ. ಕನ್ನಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ‘೩’ ಎಂದು ಕಂಡ ಅಂಕಿ ಇನ್ನೊಂದು ಕೋನದಲ್ಲಿ ‘೭’ ಆಗುವುದುಂಟು. ಆದ್ದರಿಂದ ಒಂದೇ ಫೋಟೊ ನೆಚ್ಚಿಕೊಂಡು ವರ್ಷ ನಿರ್ಧರಿಸಬಾರದು. ಸಂಜೆಯ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿ ಹಿಡಿದರೂ ಇದೇ ಕೆಲಸವಾಗುತ್ತದೆ.

ಕಲ್ಲು ತೊಳೆಯಬಹುದೇ? ಆಸಿಡ್ ಹಾಕಿದರೆ ಬೇಗ ಬೆಳ್ಳಗಾಗುತ್ತದಲ್ಲ?

ಬೆಳ್ಳಗಾಗುತ್ತದೆ ನಿಜ, ಏಕೆಂದರೆ ಕಲ್ಲಿನ ಮೇಲ್ಮೈಯೇ ಕರಗಿ ಹೋಗಿರುತ್ತದೆ. ಅಮೃತಶಿಲೆ, ಕಡಪ ಕಲ್ಲು, ಶಹಾಬಾದ್ ಕಲ್ಲು ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಬಚ್ಚಲು ತೊಳೆಯುವ ಆಸಿಡ್ ತಾಗಿದೊಡನೆ ನೊರೆಯೇಳುತ್ತದೆ, ಆ ನೊರೆಯ ಜೊತೆಗೆ ಅಕ್ಷರದ ಅಂಚೂ ಹೋಗುತ್ತದೆ. ನಮ್ಮ ಬೆಟ್ಟಗಳ ಕಣಶಿಲೆಗೆ (ಗ್ರಾನೈಟ್) ಆಸಿಡ್ ಅಷ್ಟು ತಾಗದಿದ್ದರೂ ಅದರ ಸಂದಿನಲ್ಲಿರುವ ಸುಣ್ಣದ ಗಾರೆ ಉಳಿಯುವುದಿಲ್ಲ. ಬ್ಲೀಚಿಂಗ್ ಪೌಡರ್, ಬಟ್ಟೆ ಸೋಪಿನ ಪುಡಿ, ವೈರ್ ಬ್ರಷ್, ಉಪ್ಪುಕಾಗದ, ಗ್ರೈಂಡರ್ ಮತ್ತು ವಾಹನ ತೊಳೆಯುವ ಜೆಟ್ ಪಂಪು ಇವೂ ನಿಷಿದ್ಧ. ಜೆಟ್ ಪಂಪಿನಿಂದ ಹಳೆಯ ಅಮೃತಶಿಲೆಯ ಫಲಕವನ್ನು ತೊಳೆದು, ಮಾರನೆಯ ದಿನ ಸಕ್ಕರೆಯಂತೆ ಪುಡಿ ಉದುರುತ್ತಿದೆಯೆಂದು ಗಾಬರಿಯಾಗಿ ಬಂದವರನ್ನು ಕಂಡಿದ್ದೇವೆ. ಆ ಪುಡಿಯನ್ನು ಮರಳಿ ಅಂಟಿಸುವ ವಿದ್ಯೆ ಯಾರಲ್ಲೂ ಇಲ್ಲ.

ತೊಳೆಯಲೇಬೇಕಾದರೆ ನೀರು ಮತ್ತು ಮೃದುವಾದ ಬ್ರಷ್ಷು ಸಾಕು. ನೀರಿನ ವಿಚಾರದಲ್ಲೂ ನಮ್ಮ ಜಿಲ್ಲೆಗಳಿಗೆ ಒಂದು ಎಚ್ಚರಿಕೆ ಬೇಕು. ಇಲ್ಲಿಯ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು; ಅದನ್ನು ಕಲ್ಲಿನ ಮೇಲೆ ಸುರಿದು ಒಣಗಲು ಬಿಟ್ಟರೆ ಬಿಳಿಯ ಉಪ್ಪಿನ ಪೊರೆ ಉಳಿಯುತ್ತದೆ. ಹಿಡಿದಿಟ್ಟ ಮಳೆನೀರು ಒಳ್ಳೆಯದು. ಅದಿಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ಆಗುತ್ತದೆ. ಒಂದು ಕ್ಯಾನಿನಲ್ಲಿ ಒಂದು ಫಲಕ ಶುಚಿಯಾಗುತ್ತದೆ. ಮೊದಲು ಕಲ್ಲನ್ನು ಪೂರ್ತಿ ನೆನೆಸಬೇಕು, ಆಮೇಲೆ ಕೆಳಗಿನಿಂದ ಮೇಲಕ್ಕೆ ಸಣ್ಣ ಸುತ್ತಿನಲ್ಲಿ ಉಜ್ಜಬೇಕು. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಗಿದ ಭಾಗದ ಮೇಲೆ ಇಳಿದು ಗೆರೆಗೆರೆಯಾಗುತ್ತದೆ. ಅಕ್ಷರದ ಸಂದಿನ ಮಣ್ಣಿಗೆ ಬಿದಿರಿನ ಕಡ್ಡಿ ಬಳಸಿ. ಮೊಳೆಯೂ ಬೇಡ, ಸ್ಕ್ರೂಡ್ರೈವರೂ ಬೇಡ. ಬೆರಳಿನಿಂದ ಮೃದುವಾಗಿ ಮುಟ್ಟಿದಾಗ ಪುಡಿಯೋ ಹಕ್ಕಳೆಯೋ ಉದುರಿದರೆ, ತಟ್ಟಿದಾಗ ಪೊಳ್ಳು ಸದ್ದು ಬಂದರೆ ಆ ಕಲ್ಲನ್ನು ತೊಳೆಯುವ ಯೋಚನೆಯನ್ನೇ ಬಿಟ್ಟುಬಿಡಿ. ಕಣಶಿಲೆಯ ಮೇಲೆ ನಾಣ್ಯದಂತೆ ಹರಡಿರುವ ಬೂದು, ಹಳದಿ ಕಲ್ಲುಹೂವು ಅಕ್ಷರವನ್ನು ಮುಚ್ಚದಿದ್ದರೆ ಅದು ಅಲ್ಲಿಯೇ ಇರಲಿ.

ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮುಂಚೆ ಎಲ್ಲ ಗೋರಿಗಳಿಗೂ ಸುಣ್ಣ ಬಳಿಯುವುದು ನಮ್ಮ ಹಿರಿಯರ ಪದ್ಧತಿ. ಅದೂ ತಪ್ಪೇ?

ಇಟ್ಟಿಗೆಯಿಂದ ಕಟ್ಟಿ ಗಾರೆ ಮಾಡಿದ, ಹಿಂದಿನಿಂದಲೂ ಸುಣ್ಣ ಬಳಿಯುತ್ತ ಬಂದ ಗೋರಿಗಳಿಗೆ ಸುಣ್ಣ ಬಳಿಯುವುದು ತಪ್ಪಲ್ಲ, ಒಳ್ಳೆಯದೇ. ಸುಣ್ಣ ಗಾರೆಯನ್ನು ಉಸಿರಾಡಲು ಬಿಡುತ್ತದೆ ಮತ್ತು ಕೂದಲೆಳೆಯ ಬಿರುಕುಗಳನ್ನು ಮುಚ್ಚುತ್ತದೆ. ಕೆತ್ತಿದ ಕಲ್ಲಿಗೆ ಮಾತ್ರ ಬಳಿಯಬಾರದು. ಡಿಸ್ಟೆಂಪರ್, ಎಮಲ್ಷನ್, ಆಯಿಲ್ ಪೇಂಟ್ ಯಾವುದಕ್ಕೂ ಬೇಡ, ಅದರಲ್ಲೂ ಅಕ್ಷರಗಳಿಗೆ ಕಪ್ಪು ಎನಾಮೆಲ್ ತುಂಬುವ ಚಪಲವನ್ನು ತಡೆದುಕೊಳ್ಳಬೇಕು. ಬಣ್ಣ ತುಂಬುವವರು ತಮಗೆ ಕಂಡಂತೆ ತುಂಬುತ್ತಾರೆ. ಸವೆದ ‘1856’ ಸುಲಭವಾಗಿ ‘1836’ ಆಗಿಬಿಡುತ್ತದೆ, ಮುಂದೆ ಬರುವವರು ಅದನ್ನೇ ಶಾಸನವೆಂದು ನಂಬುತ್ತಾರೆ.

ಜಾಲಿ, ಪಾರ್ಥೇನಿಯಂ, ಲಂಟಾನ ತುಂಬಿಕೊಂಡಿದೆ. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಸ್ವಚ್ಛ ಮಾಡಿಸಬಾರದೇ?

ಖಂಡಿತ ಬೇಡ. ನೆಲದ ಮೇಲೆ ಗುರುತಿಲ್ಲದ ಗೋರಿಗಳು ಎಷ್ಟಿವೆಯೆಂದು ಜೆಸಿಬಿ ಚಾಲಕನಿಗೆ ತಿಳಿಯುವ ದಾರಿಯಿಲ್ಲ. ಅದರ ಚಕ್ರದ ಭಾರಕ್ಕೆ ಒಳಗೆ ಪೊಳ್ಳಾಗಿರುವ ಹಳೆಯ ಇಟ್ಟಿಗೆ ಗೋರಿಗಳು ಕುಸಿಯುತ್ತವೆ.

ಬೆಂಕಿ ಹಚ್ಚುವುದು ಇನ್ನೂ ಕೆಟ್ಟದ್ದು. ಹಿಂದೆ ನಮ್ಮ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಉರಿಸಿ ಹಾಸುಗಲ್ಲಿನ ಪದರ ಎಬ್ಬಿಸುತ್ತಿದ್ದುದು ಈ ಭಾಗದವರಿಗೆ ಗೊತ್ತಿರುವ ಸಂಗತಿ. ಒಣಹುಲ್ಲಿಗೆ ಕಡ್ಡಿ ಗೀರಿದರೆ ಗೋರಿಕಲ್ಲಿಗೂ ಅದೇ ಆಗುತ್ತದೆ. ಅಕ್ಷರವಿದ್ದ ಮುಖವೇ ಹಪ್ಪಳವೆದ್ದು ಕಳಚಿಕೊಳ್ಳುತ್ತದೆ. ಹುಣಸೆ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಹೊಗೆಗೆ ಅದು ಎದ್ದು ಕೆಲಸದವರನ್ನು ಅಟ್ಟಿಸಿಕೊಂಡು ಬರುವ ಅಪಾಯವೂ ಇದೆ.

ಕೈಯಿಂದಲೇ, ಗೋರಿಯ ಕಡೆಯಿಂದ ಹೊರಕ್ಕೆ ಕೆಲಸ ಮಾಡುತ್ತ ಹೋಗಬೇಕು. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲು, ನೆಲ ಹಸಿಯಿದ್ದಾಗ ಬೇರುಸಹಿತ ಕೀಳಬೇಕು. ಕೀಳುವವರು ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು, ಏಕೆಂದರೆ ಅದರಿಂದ ಚರ್ಮದ ತುರಿಕೆ ಮತ್ತು ಉಬ್ಬಸ ಬರುತ್ತವೆ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮಳೆಗೆ ಮತ್ತೆ ನಾಲ್ಕು ಪಟ್ಟು ಚಿಗುರುತ್ತದೆ. ಗೋರಿಯಿಂದ ದೂರವಿದ್ದರೆ ಒಂದು ಅಡಿಯಷ್ಟು ಅಗೆದು ಬುಡದ ಗಂಟನ್ನೇ ತೆಗೆಯಬಹುದು. ಗೋರಿಯ ಮಗ್ಗುಲಲ್ಲಿದ್ದರೆ ಅಗೆಯಬಾರದು, ಚಿಗುರಿದಾಗಲೆಲ್ಲ ಸವರುತ್ತ ಅದನ್ನು ಸೊರಗಿಸಬೇಕು. ಇದಕ್ಕೆ ಎರಡು ಮೂರು ಮಳೆಗಾಲ ಹಿಡಿಯುತ್ತದೆ. ಕಳೆನಾಶಕಗಳನ್ನು ಕಲ್ಲಿನ ಹತ್ತಿರ ಸಿಂಪಡಿಸಬಾರದು. ಅವುಗಳಲ್ಲಿರುವ ಲವಣಗಳು ಕಲ್ಲಿನೊಳಗೆ ಇಳಿದು ಒಣಗುವಾಗ ಮೇಲ್ಮೈಯನ್ನು ಒಡೆಯುತ್ತವೆ. ಉಪ್ಪು ಸುರಿಯುವ ಮನೆಮದ್ದಿಗೂ ಇದೇ ಮಾತು.

ಗಾರೆಯ ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲ, ಬಸರಿ ಗಿಡಗಳನ್ನು ಎಳೆದು ಕೀಳಬಾರದು. ಬೇರು ಒಳಗೆ ಇಟ್ಟಿಗೆಗಳನ್ನು ಹಿಡಿದುಕೊಂಡಿರುತ್ತದೆ, ಎಳೆದರೆ ಅವೂ ಜೊತೆಗೆ ಬರುತ್ತವೆ. ಮೇಲಿನ ಭಾಗವನ್ನು ಕತ್ತರಿಸಿ, ಉಳಿದ ಬೇರನ್ನು ಗಾರೆ ಕೆಲಸದವರು ಬಂದಾಗಲೇ ತೆಗೆಸಬೇಕು. ಅರಳಿಯ ವಿಷಯದಲ್ಲಿ ಊರಿನವರ ಭಕ್ತಿಭಾವವೂ ಸೇರಿರುವುದರಿಂದ, ಬೆಳೆದ ಮರವಾದರೆ ನಾಲ್ಕು ಜನರನ್ನು ಕೂರಿಸಿ ಮಾತಾಡಿದ ಮೇಲೆ ತೀರ್ಮಾನಿಸುವುದು ಲೇಸು. ಹೊಸದಾಗಿ ನೆಡುವುದಾದರೆ ಬೇವು, ಹೊಂಗೆಗಳನ್ನು ಗಡಿಯ ಉದ್ದಕ್ಕೆ ಮಾತ್ರ ನೆಡಿ. ಗೋರಿಗಳ ನಡುವೆ ದೇವಕಣಗಿಲೆಗಿಂತ ದೊಡ್ಡದೇನೂ ಬೇಡ.

ಚಪ್ಪಡಿ ವಾಲಿದೆ, ಇಲ್ಲವೇ ಮುರಿದಿದೆ. ನಾವೇ ಎತ್ತಿ ನಿಲ್ಲಿಸಬಹುದೇ?

ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಅರ್ಧ ಅಡಿ ದಪ್ಪದ ಕಣಶಿಲೆಯ ಚಪ್ಪಡಿ ಸುಮಾರು ಐದೂವರೆ ಕ್ವಿಂಟಾಲ್ ತೂಗುತ್ತದೆ. ಹತ್ತು ಹುಡುಗರು ಸೇರಿ ಹಾರೆ ಹಾಕಿ ಎತ್ತುವ ಕೆಲಸ ಇದಲ್ಲ; ಬೆರಳು ಹೋದ ಮೇಲೆ ಪಶ್ಚಾತ್ತಾಪಪಟ್ಟು ಫಲವಿಲ್ಲ. ಬೀಳುವಂತಿರುವ ಕಲ್ಲಿನ ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನು ದೂರವಿಟ್ಟು, ಚೈನ್‌ಪುಲ್ಲಿ ಇರುವ ಅನುಭವಿ ಕಲ್ಲುಕೆಲಸದವರನ್ನು ಕರೆಸಬೇಕು. ದಾವಣಗೆರೆ, ಹರಿಹರ ಕಡೆಯ ಎರೆ ಭೂಮಿಯಲ್ಲಿ ಕಲ್ಲುಗಳು ವಾಲುವುದು ಹೆಚ್ಚು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಈ ವರ್ಷ ನೆಟ್ಟಗೆ ನಿಲ್ಲಿಸಿದ್ದು ಮುಂದಿನ ಯುಗಾದಿಯ ಹೊತ್ತಿಗೆ ಮತ್ತೆ ವಾಲಿರುತ್ತದೆ. ಅಲ್ಪಸ್ವಲ್ಪ ವಾಲಿದ್ದರೆ, ಬೀಳುವ ಭಯವಿಲ್ಲದಿದ್ದರೆ ಹಾಗೆಯೇ ಬಿಡುವುದು ವಿವೇಕ.

ಮುರಿದ ಚೂರುಗಳನ್ನು ಸಿಮೆಂಟಿನಿಂದಲೋ ಎಂಸೀಲಿನಿಂದಲೋ ಅಂಟಿಸಬೇಡಿ. ಅವನ್ನು ಆಯಾ ಗೋರಿಯ ಮೇಲೆಯೇ ಬರಹ ಮೇಲಾಗಿ ಜೋಡಿಸಿ ಫೋಟೊ ತೆಗೆದು, ಕಳುವಾಗುವ ಭಯವಿದ್ದರೆ ಚರ್ಚಿನ ಕೋಣೆಯಲ್ಲಿ ನಕ್ಷೆಯ ಸಂಖ್ಯೆ ಬರೆದ ಚೀಟಿಯೊಂದಿಗೆ ಇಡಿ. ಚಂದ ಕಾಣಲೆಂದು ಫಲಕಗಳನ್ನೆಲ್ಲ ಕಿತ್ತು ಕಾಂಪೌಂಡ್ ಗೋಡೆಗೆ ಸಾಲಾಗಿ ಒರಗಿಸುವ ಕೆಲಸ ಕೆಲವೆಡೆ ನಡೆದಿದೆ. ಅಲ್ಲಿಗೆ ಯಾರು ಎಲ್ಲಿ ಮಲಗಿದ್ದಾರೆಂಬ ತಿಳಿವಳಿಕೆ ಶಾಶ್ವತವಾಗಿ ಹೋಯಿತು.

ಗಾರೆ ಬಿದ್ದ ಗೋರಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಗಟ್ಟಿಯಾಗುವುದಿಲ್ಲವೇ?

ಗಟ್ಟಿತನವೇ ಇಲ್ಲಿ ದೋಷ. ಹಳೆಯ ಇಟ್ಟಿಗೆ ಮತ್ತು ಸುಣ್ಣದ ಗಾರೆ ನೆಲದ ತೇವವನ್ನು ಹೀರಿ ಹೊರಕ್ಕೆ ಬಿಡುತ್ತವೆ. ಮೇಲೆ ಸಿಮೆಂಟಿನ ಕವಚ ಬಿದ್ದರೆ ಆ ತೇವ ಒಳಗೇ ಉಳಿದು ಇಟ್ಟಿಗೆಯನ್ನು ಹುಡಿಮಾಡುತ್ತದೆ. ಐದಾರು ವರ್ಷಗಳಲ್ಲಿ ಸಿಮೆಂಟ್ ಹಾಳೆ ಹಾಳೆಯಾಗಿ ಕಳಚುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ.

ಆದ್ದರಿಂದ ದುರಸ್ತಿ ಸುಣ್ಣದಲ್ಲೇ ಆಗಬೇಕು. ಸುಟ್ಟ ಸುಣ್ಣವನ್ನು ಅರಳಿಸಿ, ನೀರಿನಡಿ ಕೆಲವು ವಾರ ಕೊಳೆಯಿಸಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಸೋಸಿದ ಮರಳು ಬೆರೆಸಿ, ಅಗತ್ಯವಿದ್ದರೆ ಇಟ್ಟಿಗೆಯ ಪುಡಿ (ಸುರ್ಕಿ) ಸೇರಿಸುತ್ತಾರೆ. ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಹಾಕುವ ಹಳೆಯ ರೂಢಿಯನ್ನು ಬಲ್ಲ ಗಾರೆ ಕೆಲಸದವರು ಇನ್ನೂ ಇದ್ದಾರೆ. ಹಳೆಯ ಮಠ, ದೇವಸ್ಥಾನಗಳ ದುರಸ್ತಿ ನಡೆಯುವಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಮುಖ್ಯವಾದ ಮಾತೆಂದರೆ ಸುಣ್ಣದ ಗಾರೆಗೆ ಅವಸರವಾಗದು. ನಮ್ಮ ಒಣಹವೆಯಲ್ಲಿ ಅದು ಒಂದೇ ದಿನದಲ್ಲಿ ಒಣಗಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿಚೀಲ ಹೊದಿಸಿ, ಒಂದು ವಾರಕ್ಕೂ ಹೆಚ್ಚು ಕಾಲ ಹೊತ್ತುಹೊತ್ತಿಗೆ ನೀರು ಚಿಮುಕಿಸುವ ಒಬ್ಬರು ಬೇಕು. ಬಿರುಬೇಸಿಗೆಯಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದು ಉತ್ತಮ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಹತ್ತಿರ ನಿಲ್ಲಬಾರದು.

ಪಕ್ಕದವರು ಒತ್ತುವರಿ ಮಾಡಿದ್ದಾರೆಂಬ ಅನುಮಾನವಿದೆ. ಏನು ಮಾಡಬೇಕು?

ಜಗಳಕ್ಕೆ ಮೊದಲು ಅಳತೆ. ಪಹಣಿ ಮತ್ತು ಸರ್ವೆ ನಕ್ಷೆಯ ಪ್ರತಿ ಪಡೆದು, ಜಾಗದ ಒಡೆತನ ಹೊಂದಿರುವವರ ಮೂಲಕ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿಸಬೇಕು. ಸರ್ವೆಯರ್ ಬರುವ ದಿನ ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸು ಹೋಗಿರುತ್ತದೆ; ಅವರ ಸಮ್ಮುಖದಲ್ಲೇ ಬಾಂಧುಕಲ್ಲು ಗುರುತಿಸಿ ಪಂಚನಾಮೆ ಆಗಲಿ. ಆಮೇಲೆ ಬೇಲಿಯೋ ಗೋಡೆಯೋ. ಎಷ್ಟೋ ಕಡೆ ಖಾತೆ ಈಗಲೂ ಮಿಷನ್ನಿನ ಹಳೆಯ ಹೆಸರಿನಲ್ಲಿದೆ. ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ದಾಖಲೆ ಮಾತ್ರ ಹಿಂದೆಯೇ ಉಳಿಯಿತು. ಇದನ್ನು ಸರಿಪಡಿಸುವುದು ಬೇಸರದ ಕೆಲಸವಾದರೂ ಯಾವ ಶ್ರಮದಾನಕ್ಕಿಂತಲೂ ಹೆಚ್ಚು ಕಾಲ ಬಾಳುವಂಥದ್ದು. ಕ್ರೈಸ್ತ ಸ್ಮಶಾನಗಳ ಕಾಂಪೌಂಡ್ ಗೋಡೆಗೆ ಸರ್ಕಾರದ ಅನುದಾನ ಕೇಳುವುದಾದರೂ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ಮೊದಲು ಕೇಳುವುದು ಇದೇ ದಾಖಲೆಯನ್ನು.

ಗೋರಿ ಒಡೆದವರ ಮೇಲೆ ದೂರು ಕೊಡಬಹುದೇ?

ಕೊಡಬಹುದು. ಯಾರದಾದರೂ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ ಅಥವಾ ನೋವಾಗುತ್ತದೆಂದು ತಿಳಿದೂ ಸಮಾಧಿ ಸ್ಥಳವನ್ನು ಅತಿಕ್ರಮಿಸುವುದು ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮಿನಂತೆ ಅಪರಾಧ. ಹಿಂದಿನ ದಂಡಸಂಹಿತೆಯಲ್ಲಿ ಇದು 297ನೆಯ ಕಲಮಾಗಿತ್ತು. ಒಂದು ವರ್ಷದವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ದೂರಿನ ಜೊತೆ ಲಗತ್ತಿಸಲು ಹಿಂದಿನ ಫೋಟೊ ಇದ್ದರೆ ದೂರಿಗೆ ತೂಕ ಬರುತ್ತದೆ.

ನಮ್ಮ ಮುತ್ತಜ್ಜನ ಗೋರಿ ಹುಡುಕುತ್ತಿದ್ದೇವೆ. ಎಲ್ಲಿ ವಿಚಾರಿಸಬೇಕು?

ಕಥೋಲಿಕರಾದರೆ ಧರ್ಮಕೇಂದ್ರದ ಮರಣದ ದಾಖಲೆ ಪುಸ್ತಕವನ್ನು ಮೊದಲು ನೋಡಬೇಕು. ಇಂಥ ಪುಸ್ತಕ ಇಡುವುದು ಧರ್ಮಸಭೆಯ ಕಾನೂನಿನಂತೆ ಕಡ್ಡಾಯ. ಶಿವಮೊಗ್ಗ ಧರ್ಮಕ್ಷೇತ್ರ ಚಿಕ್ಕಮಗಳೂರಿನಿಂದ ಬೇರೆಯಾದದ್ದು 1988ರಲ್ಲಿ, ಚಿಕ್ಕಮಗಳೂರು ಧರ್ಮಕ್ಷೇತ್ರವಾದದ್ದು 1963ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಪತ್ರವ್ಯವಹಾರವನ್ನು ಹಳೆಯ ಧರ್ಮಾಧ್ಯಕ್ಷರ ನಿವಾಸಗಳಲ್ಲಿ ಹುಡುಕಬೇಕಾದೀತು. ಪ್ರೊಟೆಸ್ಟೆಂಟ್ ಮಿಷನ್ನುಗಳ ಕಾಗದಪತ್ರಗಳು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ. ವೆಸ್ಲಿಯನ್ ಮಿಷನ್ನಿನ ಕೇಂದ್ರ ಕಚೇರಿಯ ದಾಖಲೆಗಳು ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ ಸೋಆಸ್ (SOAS) ಗ್ರಂಥಾಲಯದಲ್ಲಿವೆ. ಯುರೋಪಿಯನ್ನರಾದರೆ ಮದರಾಸು ಪ್ರಾಂತದ ಸಂಸ್ಕಾರ ದಾಖಲೆಗಳ ನಕಲು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿ ಸಿಗಬಹುದು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗಕ್ಕೆ ಬರೆಯುವವರೂ ಇದ್ದಾರೆ, ಆದರೆ ಅದರ ಹೊಣೆ ಎರಡು ಮಹಾಯುದ್ಧಗಳ ಕಾಲದ ಸೈನಿಕರಿಗೆ ಮಾತ್ರ ಸೀಮಿತ. 1800ರ ಆಸುಪಾಸಿನ ಗೋರಿಗೆ ಅಲ್ಲಿಂದ ಉತ್ತರ ದೊರೆಯದು. ಇಷ್ಟೆಲ್ಲಕ್ಕೂ ಮೊದಲು ಸಭೆಯ ಅಜ್ಜಿಯರನ್ನು ಕೇಳಿ. ಯಾವ ಬೇವಿನ ಮರದಿಂದ ಎಷ್ಟನೆಯ ಸಾಲಿನಲ್ಲಿ ಯಾರಿದ್ದಾರೆಂದು ಅವರು ಹೇಳಬಲ್ಲರು. ಅದನ್ನೂ ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತಿಸಿ.

ವಿದೇಶದಲ್ಲಿರುವ ವಂಶಸ್ಥರು ಹಣ ಕಳಿಸುತ್ತೇವೆ ಎನ್ನುತ್ತಾರೆ. ಪಡೆಯಬಹುದೇ?

ವಿದೇಶಿ ಮೂಲದ ದೇಣಿಗೆಯನ್ನು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆ ಮಾತ್ರ, ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಯ ಮೂಲಕ ಪಡೆಯಬಹುದು. ಸಮಿತಿಯ ಕಾರ್ಯದರ್ಶಿಯ ಸ್ವಂತ ಖಾತೆಗೆ, ಅದೆಷ್ಟೇ ಸಣ್ಣ ಮೊತ್ತವಾದರೂ, ಹಾಕಿಸಿಕೊಳ್ಳಬೇಡಿ. ಸ್ಥಳೀಯ ದೇಣಿಗೆಗೂ ರಸೀದಿ ಇರಲಿ, ವರ್ಷಕ್ಕೊಮ್ಮೆ ಲೆಕ್ಕವನ್ನು ಚರ್ಚಿನ ಸೂಚನಾ ಫಲಕಕ್ಕೆ ಅಂಟಿಸಿ. ನಿಜ ಹೇಳಬೇಕೆಂದರೆ ಮೊದಲ ಎರಡು ವರ್ಷದ ಕೆಲಸಕ್ಕೆ ದೊಡ್ಡ ಹಣ ಬೇಕಾಗುವುದೇ ಇಲ್ಲ. ಹಣ ಮೊದಲೇ ಬಂದರೆ ಅದು ಗ್ರಾನೈಟ್ ಟೈಲ್ಸ್, ಕಮಾನು, ದಾನಿಗಳ ಹೆಸರಿನ ಫಲಕಗಳ ಕಡೆಗೆ ಓಡುತ್ತದೆ.

ನವೆಂಬರ್ 2ರಂದು ಮೇಣದ ಬತ್ತಿ, ಹೂವು ಇಡುವುದಕ್ಕೆ ಏನಾದರೂ ನಿಯಮವಿದೆಯೇ?

ಮೃತರ ಸ್ಮರಣೆಯ ದಿನ ಬತ್ತಿ ಹಚ್ಚಬೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಬತ್ತಿಯನ್ನು ಕಲ್ಲಿನ ಮೇಲೆ ನೇರವಾಗಿ ಅಂಟಿಸದೆ, ಮರಳು ತುಂಬಿದ ಅಗಲ ಡಬ್ಬದಲ್ಲೋ ಮಣ್ಣಿನ ತಟ್ಟೆಯಲ್ಲೋ ನಿಲ್ಲಿಸಿದರೆ ಸಾಕು. ಮೇಣ ಒಮ್ಮೆ ಕಲ್ಲಿಗೆ ಇಳಿದರೆ ಎಣ್ಣೆಯ ಕಲೆಯಾಗಿ ವರ್ಷಗಟ್ಟಲೆ ಉಳಿಯುತ್ತದೆ. ಅಕ್ಟೋಬರ್ ಕೊನೆಯಲ್ಲಿ ಹುಲ್ಲು ಸವರುವುದು ಎಲ್ಲ ಬಗೆಯಿಂದಲೂ ಅನುಕೂಲ. ಹೂವಿನ ಜೊತೆ ಬರುವ ಪ್ಲಾಸ್ಟಿಕ್ ಕವರು, ದಾರ, ಥರ್ಮೊಕೋಲನ್ನು ತಂದವರೇ ಹಿಂದಕ್ಕೆ ಒಯ್ಯಲಿ.

ಹೊಸ ಸಂಸ್ಕಾರಕ್ಕೆ ಜಾಗವಿಲ್ಲ. ಹಳೆಯ ಗೋರಿಗಳನ್ನು ತೆಗೆಯಬಹುದೇ?

ಇದು ನಿಜವಾದ ಕಷ್ಟ, ಉಪದೇಶದಿಂದ ತೀರುವಂಥದ್ದಲ್ಲ. ಸಂಬಂಧಿಕರ 25 ವರ್ಷದ ಹಿಂದಿನ ಗೋರಿಯನ್ನೇ ಮತ್ತೆ ತೆರೆದು ಅದೇ ಕುಟುಂಬದವರನ್ನು ಇಡುವ ಪದ್ಧತಿ ಅನೇಕ ಧರ್ಮಕೇಂದ್ರಗಳಲ್ಲಿದೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ವಾರಸುದಾರರು ಯಾರೂ ಇಲ್ಲವೆಂಬ ಕಾರಣಕ್ಕೆ ಹತ್ತೊಂಬತ್ತನೆಯ ಶತಮಾನದ ಸಾಲನ್ನು ಒಡೆದು ಜಾಗ ಮಾಡುವುದಕ್ಕೆ ಮಾತ್ರ ಒಪ್ಪಲಾಗದು. ಕೇಳುವವರಿಲ್ಲದ ಸತ್ತವರ ಪರವಾಗಿ ಕೇಳಬೇಕಾದದ್ದು ಸಭೆಯೇ. ಕಥೋಲಿಕರಿಗೆ ದಹನಕ್ಕೆ 1963ರಿಂದಲೇ ಅವಕಾಶವಿದೆ. ಅಸ್ಥಿಯನ್ನು ಮನೆಯಲ್ಲಿಡದೆ, ಚೆಲ್ಲದೆ, ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ರೋಮಿನಿಂದ ಸೂಚನೆ ಬಂದಿದೆ. ಗಡಿಗೋಡೆಯ ಒಂದು ಮಗ್ಗುಲಿಗೆ ಅಸ್ಥಿಗೂಡುಗಳನ್ನು ಕಟ್ಟಿಸಿದರೆ ಜಾಗದ ಒತ್ತಡ ಸಾಕಷ್ಟು ಇಳಿಯುತ್ತದೆ.

ಕ್ರೈಸ್ತರಲ್ಲದವರು ಕೆಲಸಕ್ಕೆ ಬರಬಹುದೇ?

ಧಾರಾಳವಾಗಿ. ಪ್ರಾರ್ಥನೆಯ ಹೊತ್ತಿನಲ್ಲಿ ಮೌನವಾಗಿರಿ, ಗೋರಿಯ ಮೇಲೆ ಕೂರಬೇಡಿ, ತಿಂಡಿಯನ್ನು ಗೇಟಿನ ಹೊರಗೆ ತಿನ್ನಿ. ಇತ್ತೀಚಿನ ಗೋರಿಗಳ ಹೆಸರು ಮತ್ತು ಫೋಟೊಗಳನ್ನು ಮನೆಯವರ ಒಪ್ಪಿಗೆಯಿಲ್ಲದೆ ವಾಟ್ಸಾಪಿಗಾಗಲಿ ಬೇರೆಲ್ಲಿಗಾಗಲಿ ಹಾಕಬೇಡಿ.

ಶ್ರಮದಾನಕ್ಕೆ ಬರುವವರು ಏನು ತರಬೇಕು? ಹಾವಿನ ಭಯವಿದೆಯೇ?

ಇದೆ. ನಾಗರಹಾವು, ಕೊಳಕುಮಂಡಲ, ಗರಗಸಮಂಡಲ ಮೂರೂ ಈ ಸೀಮೆಯವು; ವಾಲಿದ ಚಪ್ಪಡಿಯ ಕೆಳಗಿನ ತಂಪು ಅವಕ್ಕೂ ಚೇಳಿಗೂ ಪ್ರಿಯ. ಕಣಕಾಲು ಮುಚ್ಚುವ ಬೂಟು, ದಪ್ಪ ಕೈಗವಸು, ತುಂಬುತೋಳಿನ ಅಂಗಿ, ಟೋಪಿ ಮತ್ತು ಎರಡು ಲೀಟರ್ ನೀರು ತನ್ನಿ. ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಪೊದೆಯನ್ನು ಬಡಿಯಿರಿ, ಕಲ್ಲಿನ ಸಂದಿಗೆ ಬೆರಳು ತೂರಿಸಬೇಡಿ. ಹಾವು ಕಂಡರೆ ಕೊಲ್ಲಬೇಡಿ, ಆ ಮೂಲೆಯ ಕೆಲಸವನ್ನು ಅಂದಿಗೆ ಬಿಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ 108ಕ್ಕೆ ಕರೆಮಾಡಿ, ಚಿತ್ರದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಪೊದೆ ತೆಗೆಯುವ ದಿನ ಕರೆತರಬೇಡಿ. ಕನ್ನಡಿ ಹಿಡಿದು ಅಕ್ಷರ ಓದುವ ದಿನ ಕರೆತನ್ನಿ, ಆ ಕೆಲಸದಲ್ಲಿ ಅವರ ಕಣ್ಣು ನಮ್ಮದಕ್ಕಿಂತ ಚುರುಕು.